ಶೇಖವ್ವನ ಬೆಂಡೋಲೆ

ವಕೀಲ ಬಾಯಿಯವರ ಪೆನ್ನು ನನ್ನ ಕಿವಿಯ ಕಡೆ ತಿರುಗಿ ನಿಂತಿದೆ, ಇವು ಬಂಗಾರದವೇನವಾ ಎಂದು ಕೇಳುತ್ತಿದ್ದಾರೆ, ನಾನು ಗೋಡೆಯ ಬೋರ್ಡು ಓದುತ್ತಿದ್ದೇನೆ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು, ಹಾನಗಲ್ಲ, ಎರಡು ಸಲ ಓದಿದೆ, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬೋರ್ಡು ಓದುವುದು ಯಾರನ್ನಾದರೂ ನೋಡುವುದಕ್ಕಿಂತ ಸಲೀಸು — ಹಾವೇರಿಯ ವಕೀಲರು ದಿವಾಳಿ ಅರ್ಜಿ ಹಾಕಲು ಹದಿನೈದು ಸಾವಿರ ಕೇಳಿದ್ದರು, ದಿವಾಳಿ ಎದ್ದವಳ ಹತ್ತಿರ ಹದಿನೈದು ಸಾವಿರ ಎಲ್ಲಿಂದ ಬರಬೇಕರಿ ಎಂದು ಕೇಳಬೇಕಿತ್ತು, ಕೇಳಿದೆ, ಬಸ್ಸು ಹತ್ತಿದ ಮೇಲೆ, ಕಿಟಕಿಯನ್ನು. ಇಲ್ಲಿ ಫೀ ಇಲ್ಲ, ಪ್ರಶ್ನೆಗಳಿವೆ. ಸಾಲ ಮಾಡಿ ತಂದ ರೊಟ್ಟಿ ಮಷೀನು ಎಲ್ಲೈತಿ? ಸಾಲ ಕೊಟ್ಟವರ ಒಯ್ದರರಿ. ತಾಸಿಗೆ ಮುನ್ನೂರು ರೊಟ್ಟಿ ಒಗೆಯುತ್ತಿತ್ತು ಅದು, ಒಂದಕ್ಕೂ ರುಚಿಯಿಲ್ಲ, ಖಾನಾವಳಿಯ ಹೊಳಬಸಪ್ಪ ಕಾಕಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಇದೇನ ತಂಗಿ, ರೊಟ್ಟಿಯೋ ರಟ್ಟೋ, ನಮ್ಮ ಗಿರಾಕಿಗೆ ಕೈಲೆ ಬಡದ ರೊಟ್ಟಿನ ಬೇಕವಾ ಎಂದು ನಕ್ಕಿದ್ದ, ಆತನೂ ಈಗ ಹಿಂದಿನ ಬೆಂಚಿನ ಮೇಲಿದ್ದಾನೆ, ಹೆಂಡತಿಯ ಹೆಸರಿನ ಹೊಲದ ಬದುವಿನ ತಕರಾರಿಗೆ ಬಂದವನು, ಕಣ್ಣು ಕಾಗದದಲ್ಲಿ, ಕಿವಿ ಇತ್ತ. ಬಾಯಿಯವರು ಮತ್ತೆ ಕೇಳುತ್ತಾರೆ, ಹೇಳವಾ, ನಿನ್ನವ ಹೌದಲ್ಲೋ? ನಿನ್ನವಾದ್ರ ಬರೀಬೇಕು, ಸಾಲದವರ ಪಾಲಿಗೆ ಹೋಗ್ತಾವ, ಮುಚ್ಚಿಟ್ರ ಅರ್ಜಿನ ಬಿದ್ದುಹೋಗ್ತೈತಿ. ಪಕ್ಕದ ಮನೆಯ ಶೇಖವ್ವನವು ಎಂದರೆ ಮುಗಿಯಿತು, ಆದರೆ ನಸುಕಿನಲ್ಲಿ ಹಿತ್ತಲ ಗೋಡೆಯ ಮೇಲಿಂದ ಬೆಂಡೋಲೆ ದಾಟಿಸುತ್ತ ಶೇಖವ್ವ ಪಿಸುಗುಟ್ಟಿದ್ದಳು, ಸಂಜೀಕ ತಂದ ಕೊಡ ಜಯಾ, ನಮ್ಮ ಸೊಸಿಗೆ ಗೊತ್ತಾದ್ರ ನನ್ನ ಮನ್ಯಾಗ ಇಟ್ಗೊಳ್ಳಂಗಿಲ್ಲ — ಆ ಸೊಸೆ ಹೊಳಬಸಪ್ಪನ ಮಗಳು. ಎಲ್ಲ ನಮ್ಮವ್ವನಿಂದ, ಬೋಳಗಿವಿಲೆ ಕೋರ್ಟ ಹತ್ತಿದ್ರ ಮಂದಿ ಏನಂತಾರ ಎಂದು ಬಡತನ ಹೇಳಿಕೊಳ್ಳಲು ಹೊರಟವಳಿಗೆ ಬಂಗಾರ ಇಟ್ಟು ಕಳಿಸಿದಳು, ನಾನೂ ಕನ್ನಡಿ ನೋಡಿಕೊಂಡೆ, ಚಂದ ಕಂಡೆ, ಅಕ್ಕಿಆಲೂರಿನಿಂದ ಇಲ್ಲಿಯತನಕ ಯಾರೂ ನೋಡಲಿಲ್ಲ, ಪಕ್ಕದ ಸೀಟಿಗೂ ಯಾರೂ ಬರಲಿಲ್ಲ. ನನ್ನವಲ್ಲರಿ — ಇದು ನನ್ನದೇ ದನಿಯೇ, ಇಷ್ಟು ದೊಡ್ಡದು? ಎಲ್ಲಾರೂ ಹಂಗ ಅಂತಾರವಾ, ಯಾರವು, ಹೆಸರ ಹೇಳು. ಹಿಂದೆ ಬೆಂಚು ಕಿರ್ ಎಂದಿತು, ಹೊಳಬಸಪ್ಪ ಮುಂದಕ್ಕೆ ಬಾಗಿರಬೇಕು, ಹೆಸರು ಹೇಳುವಂತಿಲ್ಲ, ಕೈ ತಾನಾಗಿ ಕರ್ಚೀಪಿನ ಗಂಟು ಬಿಚ್ಚುತ್ತಿದೆ, ಬಸ್ಸಿನ ಸೊನ್ನೆ ಟಿಕೀಟು, ಅದರ ಕೆಳಗೆ ಅವು, ನನ್ನವು, ಉಗುರಿನಷ್ಟುದ್ದದ ಎರಡು ಕಸಬರಿಗೆ ಕಡ್ಡಿ, ನನ್ನ ಬೆಂಡೋಲೆ ಮಾರಿದಂದಿನಿಂದ ತೂತು ಮುಚ್ಚಬಾರದೆಂದು ಕಿವಿಯಲ್ಲಿ ಇಟ್ಟುಕೊಂಡವು, ಸಂಜೆ ಮತ್ತೆ ಇಟ್ಟುಕೊಳ್ಳಬೇಕಾದವು, ತೆಗೆದು ಅರ್ಜಿಯ ಮೇಲೆ ಇಡುತ್ತೇನೆ, ಬಾಯಿಯವರ ಕೈ ತಮ್ಮ ಕಿವಿಗೆ ಹೋಗಿದೆ, ಪೆನ್ನು ಮೇಜಿನ ಮೇಲೆ ಮಲಗಿದೆ, ಬಂಗಾರ ಎಂಬ ಸಾಲಿನ ಮುಂದೆ ಖಾಲಿ ಜಾಗ, ಖಾಲಿ ಜಾಗದಲ್ಲಿ ಎರಡು ಕಡ್ಡಿ, ಒಂದು ತುಸು ಉದ್ದ, ಒಂದು ತುಸು ಗಿಡ್ಡ, ಎರಡು ಕಡ್ಡಿ