ನೀರು ಬಿಡುವ ಕೈ

"ಕಾಕಾ, ಚಾವಿ ಇಲ್ಲಿ ಕೊಡ್ರಿ," ಎಂದು ನೆರೆಮನೆಯ ಹುಡುಗ ಹುಲಗೇಶ ಕೈ ಚಾಚಿದ.

ಓಣಿಯ ಮೊದಲಲ್ಲಿದ್ದ ವಾಲ್ವಿನ ಗುಂಡಿಯ ಮುಂದೆ ಶಿವಶರಣಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಹಣೆಯ ತುಂಬ ವಿಭೂತಿ. ಹೆಂಡತಿ ಗುರುಬಾಯಿಯನ್ನು ಮಣ್ಣು ಮಾಡಿ ಬಂದದ್ದು ನಿನ್ನೆ ಸಂಜೆ.

"ಯಾಕಪಾ? ನೀರ ಬಿಡೂ ಹೊತ್ತಾತಲ್ಲ."

"ಸೂತಕದ ಕೈಲೆ ಬಿಟ್ಟ ನೀರ ಮಂದಿ ಹ್ಯಾಂಗ ಕುಡೀಬೇಕ್ರಿ?"

"ನಮ್ಮಾಗ ಸೂತಕ ಇಲ್ಲೋ. ಲಿಂಗ ಕಟ್ಟಿದ ಮೈಗೆ ಎಲ್ಲೀ ಸೂತಕ? ಆಕಿ ಶಿವನ ಕಡೆ ಹೋಗ್ಯಾಳ."

"ನಿಮ್ಮಾಗ ಇಲ್ಲರಿ. ನೀರು ನಿಮ್ಮ ಒಬ್ಬರದಲ್ಲರಿ."

ಅದು ನಿಜ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಕೂಲಿಗೆ ಬಂದವರು ಊರಾಚೆಯ ಈ ವಸ್ತಿಯಲ್ಲಿ ಮನೆಗಿಷ್ಟೆಂದು ಪಟ್ಟಿ ಹಾಕಿ ಬೋರು ಕೊರೆಸಿದ್ದರು, ನೀರಿನ ಟಾಕಿ ಕಟ್ಟಿಸಿದ್ದರು, ಮನೆಮನೆಯ ಮುಂದೆ ನಲ್ಲಿ ಕೂಡಿಸಿದ್ದರು. ನೀರು ಬಿಡುವ ಕೆಲಸ ಅಂದಿನಿಂದ ಶಿವಶರಣಪ್ಪನದು. "ನೀವು ಓಣಿಗೆಲ್ಲ ಬಿಡ್ರಿ, ಮನೀದು ನಾ ಹಿಡೀತೀನಿ," ಎನ್ನುತ್ತಿದ್ದಳು ಗುರುಬಾಯಿ. ಈ ಹೊತ್ತಿನಲ್ಲಿ ಅವಳಿಲ್ಲದ ಮನೆಯೊಳಗೆ ಕೂರಲು ಅಂಜಿಯೇ ಅವನು ಬೆಳಗಾಗುವ ಮುಂಚೆ ಎದ್ದು ಬಂದಿದ್ದ.

ಅವನು ಚಾವಿ ತಿರುಗಿಸಿದ. ನಲ್ಲಿಗಳಲ್ಲಿ ನೀರು ಬಂತು. ಬಾಗಿಲಿಗೆ ನಿಂತಿದ್ದ ಹೆಂಗಸರು ಕೊಡ ಮುಂದಿಡಲಿಲ್ಲ. ಗುರುಬಾಯಿ ಎರಡು ದಿನ ಜ್ವರದಲ್ಲಿ ಮಲಗಿದ್ದಾಗ ಕಾಲೊತ್ತಿದ ಯಮುನಾಬಾಯಿ ಸಹ ಕೊಡದ ಬಾಯಿಗೆ ತಾಟು ಮುಚ್ಚಿದಳು.

"ತಂಗೀ, ನೀನೂನು?"

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಮ್ಮನ್ಯಾಗ ದೇವರು ಅದಾವ."

ನೀರು ಗಟಾರಕ್ಕೆ ಹರಿಯಿತು. ಒಂದು ಹನಿ ಸೋರಿದರೂ ಓಣಿಯೆಲ್ಲ ಬೈದು ಬರುತ್ತಿದ್ದ ಮನುಷ್ಯ ಅದನ್ನು ಎಷ್ಟು ಹೊತ್ತು ನೋಡಿಯಾನು?

"ಸೂತಕದ ದಿನಾ ಮುಗಿಯೂತನಾ ರಾಜಾನಂಗ ಕೂಡ್ರಿ ಕಾಕಾ," ಎಂದು ಹುಲಗೇಶ ನಗಲು ನೋಡಿದ. "ಆಮ್ಯಾಲ ಮತ್ತ ನೀವಾ ಬಿಡ್ರಿ."

"ಕೂತು ಏನ ಮಾಡ್ಲೋ?"

ಹುಲಗೇಶ ಮತ್ತೆ ಕೈ ಚಾಚಿದ. ಶಿವಶರಣಪ್ಪ ವಾಲ್ವು ಬಂದ್ ಮಾಡಿ, ಚಾವಿಯನ್ನು ಪಂಚೆಯಲ್ಲಿ ಒರೆಸಿ, ಅವನ ಕೈಗೆ ಕೊಡದೆ ನೆಲದ ಮೇಲಿಟ್ಟ.

ಮನೆ ಮುಟ್ಟುವಷ್ಟರಲ್ಲಿ ಹಿಂದೆ ನೀರು ಬಿಟ್ಟ ಸಪ್ಪಳ, ಕೊಡಗಳ ಸಪ್ಪಳ. ಅವನ ಅಂಗಳದ ನಲ್ಲಿಯೂ ಸುರಿಯತೊಡಗಿತು. ಬೇಗಂ ಬಜಾರಿನಿಂದ ಗುರುಬಾಯಿ ಆರಿಸಿ ತಂದಿದ್ದ ಕೊಡ, ಅವಳು ತೊಳೆದು ಬೋರಲು ಹಾಕಿದಂತೆಯೇ ಕಟ್ಟೆಯ ಮೇಲಿತ್ತು. ಶಿವಶರಣಪ್ಪ ಅದರ ಪಕ್ಕದಲ್ಲಿ ಕೂತ. ನೀರು ಬರಿಯ ಕಲ್ಲಿನ ಮೇಲೆ ಬೀಳುತ್ತಲೇ ಇತ್ತು.