ಸವೀನೊ ಹಾಯಬೇಕಾದ ದಾರಿ

ಜೆರಾರ್ದೊ ಕಬ್ಬಿಣದ ಗೇಟಿನ ಬೀಗವನ್ನು ಮತ್ತೊಮ್ಮೆ ಜಗ್ಗಿ ನೋಡುತ್ತಿದ್ದಾಗ ಕೆಳಗಿನ ರಸ್ತೆಯಿಂದ ಮಿಂಗೂಚೊನ ಸ್ಕೂಟರು ಕೆಮ್ಮುತ್ತ ಏರಿ ಬಂತು. ಮಿಂಗೂಚೊ ಊರಿನ ಕ್ಷೌರಿಕ. ಬೆಳಿಗ್ಗೆಯಷ್ಟೇ ಜೆರಾರ್ದೊನ ತೀರಿಕೊಂಡ ಭಾವ, ಅಕ್ಕನ ಗಂಡ ಸವೀನೊನ ಕೊನೆಯ ಗಡ್ಡ ಹೆರೆದಿದ್ದ. ಅವನ ಕರಿ ಕೋಟಿನ ತೋಳಿನ ಮೇಲೆ ಸೋಪಿನ ಬಿಳಿ ಒಣಗಿ ಕೂತಿತ್ತು.

"ಬೀಗ ಗಟ್ಟಿಯಾಗಿದೆಯಾ?" ಅಂದ, ಇಂಜಿನ್ ಆರಿಸದೆ.

"ನಿನಗ್ಯಾಕೆ?"

"ನನಗಲ್ಲಪ್ಪ. ಒಬ್ಬರು ಮಲಗಿಕೊಂಡು ಬರ್ತಿದಾರೆ. ಎದ್ದು ಗೇಟು ತೆಗೆಯೋಕೆ ಅವರಿಗೆ ಆಗಲ್ಲ."

ಜೆರಾರ್ದೊ ನಗಲಿಲ್ಲ. ಮಿಂಗೂಚೊ ಸ್ಕೂಟರು ಆರಿಸಿದ.

"ನಿಮ್ಮಕ್ಕ ಚೆಸಾರಿಯಾ ಹೇಳಿ ಕಳಿಸಿದಾಳೆ. ಶವದ ಗಾಡಿ ಬಂದಿತ್ತು, ವಾಪಸ್ ಅಟ್ಟಿಬಿಟ್ಟಳು. ಹೆಗಲ ಮೇಲೆ ಒಯ್ಯೋದು, ಹಳೇ ಕುರಿದಾರಿಯಲ್ಲೇ. ಇಗರ್ಜಿಯಲ್ಲಿ ಪೂಜೆ ಮುಗೀತಾ ಬಂತು."

"ಸ್ಮಶಾನಕ್ಕೆ ಡಾಂಬರು ರಸ್ತೆ ಇದೆಯಲ್ಲ."

"ಇದೆ. ಅದರ ಗುಂಡಿ ಮುಚ್ಚಿ ಮುಚ್ಚೀನೇ ಅವನ ಸೊಂಟ ಬಿದ್ದುಹೋಯ್ತು. ಸತ್ತ ಮೇಲೂ ಅದೇ ರಸ್ತೆನಾ, ಪಾಪ?"

"ಮಿಂಗೂಚೊ, ಇದು ನನ್ನ ಅಂಗಳ."

"ಯಾರು ಇಲ್ಲ ಅಂದ್ರು? ನಾಳೆಯಿಂದ ಏನಾಗತ್ತೆ ಅಂತ ನಿನಗೂ ಗೊತ್ತು, ಅವಳಿಗೂ ಗೊತ್ತು."

ಸ್ಕೂಟರು ತಿರುಗಿ ಇಳಿಯಿತು. ಏನಾಗುತ್ತದೆಂದು ಆ ಬೆಟ್ಟದೂರು ರೊಕ್ಕಸ್ಪೀನದಲ್ಲಿ ತೊಟ್ಟಿಲ ಮಗುವನ್ನು ಬಿಟ್ಟರೆ ಎಲ್ಲರಿಗೂ ಗೊತ್ತಿತ್ತು. ಶವ ಒಮ್ಮೆ ಹಾದ ದಾರಿಯನ್ನು ಆಮೇಲೆ ಯಾರೂ ಮುಚ್ಚುವಂತಿಲ್ಲ. ಯಾವ ಕಾನೂನಿನಲ್ಲೂ ಇದು ಬರೆದಿಲ್ಲ, ಆದರೆ ಇದರ ವಿರುದ್ಧ ಸಹಿ ಹಾಕುವ ಮೇಯರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಮೇಲಿನ ಕೇರಿಯ ಒಂದು ಮನೆಯ ಅಡುಗೆಕೋಣೆಗೂ ಕೊಟ್ಟಿಗೆಗೂ ನಡುವೆ ಇವತ್ತಿಗೂ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಾರೆ. ಯಾವುದೋ ಕಾಲರಾ ಕಾಲದಲ್ಲಿ ಒಂದು ಕೂಸಿನ ಪೆಟ್ಟಿಗೆ ಅಲ್ಲಿ ಹಾದಿತ್ತಂತೆ.

ಹೆಂಡತಿ ಒರ್ಸೋಲಾ ಕರಿ ಉಡುಪು ತೊಟ್ಟು ಹೊರಗೆ ಬಂದಳು. ಕರಿ ಕೋಟನ್ನು ಗಂಡನ ಮುಂದೆ ಚಾಚಿದಳು. ಅವನು ಕೈಯೊಡ್ಡಲಿಲ್ಲ. ಭಾವ ಸತ್ತ ದಿನ ಮುಖದ ಮೇಲೆ ಒಂದು ಭಾವವೂ ಇರಲಿಲ್ಲ.

"ಬರಲ್ವಾ?"

"ಯಾರಾದರೂ ಇಲ್ಲಿರಬೇಕು."

"ಇರು. ಮನುಷ್ಯ ಅಂತ ಮದುವೆಯಾಗಿದ್ದೆ. ಚಿಲಕ ಅಂತ ಆಗ ಗೊತ್ತಾಗಲಿಲ್ಲ."

ಕೋಟನ್ನು ಗೇಟಿನ ಸರಳಿಗೆ ನೇತುಹಾಕಿ ಅವಳು ಬೆಟ್ಟವಿಳಿದು ಹೋದಳು.

*

ಸವೀನೊ ಬದುಕೆಲ್ಲ ಪುರಸಭೆಯ ರಸ್ತೆ ಕೆಲಸಗಾರ. ನಿವೃತ್ತಿಯಾದ ಮರುವಾರ ಒಂದು ಟೈ ಕಟ್ಟಿಕೊಂಡು, ಹಳೆಯ ಬೂಟೇರಿಸಿ, ಬಸ್ ನಿಲ್ದಾಣದಲ್ಲಿ ನಿಂತ. ಇಳಿದ ಪರವೂರಿನವರನ್ನು ಯಾರೂ ಕೇಳದಿದ್ದರೂ ಕರೆದೊಯ್ಯುತ್ತಿದ್ದ. ಹಿಂದೆ ಆಳಿದ ನಾರ್ಮನ್ನರ ಮುರುಕು ಗೋಪುರ, ಬಂಡೆಯೊಳಗೆ ಕೊರೆದ ಎಣ್ಣೆಗಾಣ, ಆಲಿವ್ ತೋಪು, ಕೊನೆಗೆ ಕಣಿವೆಯಂಚಿನಲ್ಲಿ ಗ್ರೀಕ್ ಸನ್ಯಾಸಿಗಳು ಸಂತರ ಚಿತ್ರ ಬರೆದ ಗುಹೆ. ಅಲ್ಲಿಗೂ, ಅದನ್ನು ದಾಟಿ ಸ್ಮಶಾನಕ್ಕೂ ಹೋಗುವ ಕುರಿದಾರಿ ಜೆರಾರ್ದೊನ ಅಂಗಳದಲ್ಲೇ ಹಾಯುತ್ತಿತ್ತು. ಅಂಗಳದ ನಾಯಿ ಕಂಡರೆ ಸವೀನೊಗೆ ಜೀವ ಹೋದಷ್ಟು ಭಯ. ಜೇಬಿನಲ್ಲಿ ಅದಕ್ಕೊಂದು ಬಿಸ್ಕತ್ತು ಇಟ್ಟುಕೊಂಡೇ ಬರುತ್ತಿದ್ದ. ಕೂಲಿ ಕೇಳುತ್ತಿರಲಿಲ್ಲ. ಒಂದು ಲೋಟ ವೈನ್ ಕೊಟ್ಟರೆ ಬೇಡ ಬೇಡವೆನ್ನುತ್ತ ಎರಡು ಕುಡಿಯುತ್ತಿದ್ದ. ಜರ್ಮನರೊಡನೆ ಜರ್ಮನರಂತೆ, ಮಿಲಾನಿನವರೊಡನೆ ಮಿಲಾನಿನವರಂತೆ ಮಾತಾಡುತ್ತಿದ್ದ. ಅವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಆದರೆ ತಮ್ಮ ಊರಿನವನೇ ಅನ್ನಿಸುತ್ತಿತ್ತು.

ಒಂದು ದಿನ ಉತ್ತರದ ಕಡೆಯ ಒಂದು ಗುಂಪು ಬಂದಿತ್ತು. ಗುಹೆಯ ಮೇಲುಗಡೆ ಜೆರಾರ್ದೊ ತನ್ನ ಗೋಡೆಗೆ ಕಲ್ಲು ಕೂರಿಸುತ್ತಿದ್ದ. ಹಳೆಯ ಕುರಿದೊಡ್ಡಿಯನ್ನು ಅತಿಥಿಗಳು ತಂಗುವ ಕೋಣೆಗಳನ್ನಾಗಿ ಮಾಡಿದ ಹೊಸತು. ಕೆಳಗಿನಿಂದ ಭಾವನ ಧ್ವನಿ ತೇಲಿಬಂತು.

"ಈ ಸಂತ ಮರೀನಾ ಯಾಕಿಷ್ಟು ಕಪ್ಪು? ಪ್ರೊಫೆಸರುಗಳು ಇದರ ಮೇಲೆ ದಪ್ಪ ದಪ್ಪ ಪುಸ್ತಕ ಬರೀತಾರೆ. ಗ್ರೀಕರ ಬಣ್ಣ ಅಂತಾರೆ, ತುರ್ಕರ ಬೆಂಕಿ ಅಂತಾರೆ. ಎಲ್ಲ ಸುಳ್ಳು ಸ್ವಾಮಿ! ನಮ್ಮ ಮಾವ ಇಲ್ಲಿ ಗಿಣ್ಣು ಕಾಯಿಸಿದ ಹೊಗೆ! ಚಳಿಗಾಲ ಪೂರ್ತಿ ಇದೇ ಮನೆ. ಕುರಿ, ಹೆಂಡತಿ, ಮಕ್ಕಳು ಎಲ್ಲ ಒಂದೇ ಕೋಣೇಲಿ. ರಾತ್ರಿ ಯಾರಾದರೂ ಬ್ಯಾ ಅಂದ್ರೆ, ಮಗನೋ ಮರಿಯೋ ಅಂತ ದೀಪ ಹಚ್ಚಿ ನೋಡಬೇಕಿತ್ತು!"

ಹಾಗೆಂದು ಒಮ್ಮೆ ಬ್ಯಾ ಅಂದ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಆಚೆ ದಿಬ್ಬದಲ್ಲಿ ಮೇಯುತ್ತಿದ್ದ ಕುರಿಗಳು ಉತ್ತರ ಕೊಟ್ಟವು. ಗುಹೆಯೆಲ್ಲ ನಗು.

ಜೆರಾರ್ದೊನ ಕೈಯಲ್ಲಿ ಕಲ್ಲು ಹಾಗೇ ಉಳಿಯಿತು. ಶಾಲೆಯ ಬಾಗಿಲಲ್ಲಿ ಅವನು ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನಿಂದ ಶುರುವಾಗುತ್ತಿದ್ದ ಬ್ಯಾ ಬ್ಯಾ, ಅವನ ಅಂಗಿಯ ಹೊಗೆ ವಾಸನೆಗೆ ಕಿಟಕಿ ತೆರೆಯುತ್ತಿದ್ದ ಮೇಡಂ, ಹಿಂದೆ ಮುಂದೆ ಖಾಲಿ ಬಿಟ್ಟ ಬೆಂಚು. ಅದನ್ನೆಲ್ಲ ಕೆರೆದು, ಸುಣ್ಣ ಬಳಿದು, ಬಿಳಿ ಹಾಸಿಗೆ ಹಾಸಿದ ಮೇಲೂ ಭಾವ ಅಪ್ಪನನ್ನು ಊರೂರಿನವರ ನಗುವಿಗೆ ಎಳೆದುತಂದಿದ್ದ.

ಆ ಸಂಜೆಯೇ ಗೇಟಿನ ಕಂಬಕ್ಕೆ ಗುಂಡಿ ತೋಡಿದ. ಕಮ್ಮಾರ ಅಗಲ ಕೇಳಿದಾಗ, "ನನ್ನ ಕೈಗಾಡಿ ಹಿಡಿಸಿದರೆ ಸಾಕು," ಅಂದ. ಆಮೇಲೆ ಭಾವನೊಂದಿಗೆ ಮಾತಿಲ್ಲ. ಅಕ್ಕನ ಮನೆಗೆ ಕ್ರಿಸ್ಮಸ್ಸಿಗೂ ಹೋಗಲಿಲ್ಲ. ಸವೀನೊ ಕೆಲವು ಸಲ ಗುಂಪು ಕರೆತಂದು, ಗೇಟಿನಾಚೆ ನಿಂತು, ಟೈ ಸರಿಮಾಡಿಕೊಂಡು, ಎಲ್ಲರನ್ನೂ ತಿರುಗಿಸಿಕೊಂಡು ಹೋದ. ಅಂಗಳದಿಂದ ಮುಂದಕ್ಕೆ ದಾರಿ ಹುಲ್ಲು, ಮುಳ್ಳು ತುಂಬಿ ಕಾಣದಾಯಿತು.

*

ಇಗರ್ಜಿಯ ಗಂಟೆ ನಿಂತಿತು. ಕೆಳಗೆ ಮೊದಲು ದೋನ್ ರೆಮೀಜೊ ಪಾದ್ರಿಗಳ ಬಿಳಿ ನಿಲುವಂಗಿ ಕಂಡಿತು, ಆಮೇಲೆ ಹೆಗಲ ಮೇಲಿನ ಪೆಟ್ಟಿಗೆ. ಏರಿನಲ್ಲಿ ಅದು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಮುಂದೆ ಮಿಂಗೂಚೊ ಮತ್ತು ಬೇಕರಿಯ ವೀತೊ, ಹಿಂದೆ ಚೆಸಾರಿಯಾಳ ಇಬ್ಬರು ಅಳಿಯಂದಿರು. ಡಾಂಬರು ರಸ್ತೆಯ ಕವಲು ಬಂದರೂ ಮೆರವಣಿಗೆ ತಿರುಗಲಿಲ್ಲ. ನೇರವಾಗಿ ಗೇಟಿಗೆ ಬಂದು ನಿಂತಿತು.

ನಾಯಿ ಬೊಗಳಲಿಲ್ಲ.

ಚೆಸಾರಿಯಾ ಮುಂದೆ ಬಂದಳು. ಸರಳುಗಳ ಆಚೆ ಅಕ್ಕ, ಈಚೆ ತಮ್ಮ.

"ತೆಗಿ."

"ಅಕ್ಕಾ, ರಸ್ತೇಲಿ ಹೋಗು. ನಾನೂ ಬರ್ತೀನಿ. ನಾನೇ ಹೊರ್ತೀನಿ ಬೇಕಾದ್ರೆ."

"ರಸ್ತೆ ಅವನಿಗೆ ಕೆಲಸ ಆಗಿತ್ತು. ಇದು ಅವನ ದಾರಿ. ತೆಗಿ."

"ಇವತ್ತು ತೆಗೆದರೆ ಇನ್ಯಾವತ್ತೂ ಮುಚ್ಚೋ ಹಾಗಿಲ್ಲ. ಅದಕ್ಕೇ ತಾನೇ ಇಲ್ಲಿಗೆ ತಂದಿರೋದು?"

"ಹೌದು, ಅದಕ್ಕೇ."

ಪೆಟ್ಟಿಗೆಯ ಕೆಳಗೆ ವೀತೊ ಏದುಸಿರು ಬಿಡುತ್ತಿದ್ದುದು ಕೇಳಿಸಿತು.

"ಅವನು ನಮ್ಮಪ್ಪನ್ನ ನಗೆಪಾಟಲು ಮಾಡ್ದ," ಅಂದ ಜೆರಾರ್ದೊ, ತಗ್ಗಿದ ದನಿಯಲ್ಲಿ. "ಪರವೂರಿನವರ ಮುಂದೆ. ಬ್ಯಾ ಅಂತ ಕೂಗಿ ತೋರಿಸ್ದ. ನಾನು ಮೇಲೇ ಇದ್ದೆ, ನನ್ನ ಕಿವಿಯಾರೆ ಕೇಳಿದೀನಿ."

ಚೆಸಾರಿಯಾ ಅವನನ್ನೇ ನೋಡಿದಳು.

"ಆ ಕತೆ ಅವನಿಗೆ ಹೇಳಿದ್ದು ನಾನು."

"ನೀನಾ?"

"ಇನ್ಯಾರು ಹೇಳ್ತಾರೆ? ಊರೊಳಗೆ ಹುಟ್ಟಿದವನು, ಕುರಿ ಯಾವ ಕಡೆಯಿಂದ ಹಾಲು ಕೊಡತ್ತೆ ಅಂತ ಗೊತ್ತಿರಲಿಲ್ಲ ಅವನಿಗೆ. ಬ್ಯಾ ಅನ್ನೋದನ್ನೂ ನಾನೇ ಕಲಿಸಿದೆ. ಮೊದಲ ಸಲ ಹಂದಿ ಥರ ಅಂದಿದ್ದ. ಮದುವೆಯಾದ ವರ್ಷ ಇಬ್ಬರೂ ನಕ್ಕು ನಕ್ಕು ಮಂಚ ಮುರಿದಿತ್ತು."

"ಅಪ್ಪನ್ನ ನೆನೆದು ನಗ್ತಿದ್ದೆಯಾ?"

"ನಗದೆ ಏನು ಮಾಡಲೋ? ಹೊರಗೆ ಹಿಮ, ಒಳಗೆ ಬೆಚ್ಚಗೆ. ಅಪ್ಪ ಕಡಾಯಿಯಿಂದ ಬಿಸಿ ಗಿಣ್ಣು ತೆಗೆದು ಊದಿ ಊದಿ ಮೊದಲು ನಿನ್ನ ಬಾಯಿಗೆ ಇಡ್ತಿದ್ದ. ನಾನು ಕಾಯ್ತಾ ಕೂತಿರ್ತಿದ್ದೆ. ಅಂಥ ಮನೆ ಆಮೇಲೆ ನನಗೆ ಸಿಗಲೇ ಇಲ್ಲ." ಅವಳು ಸರಳು ಹಿಡಿದಳು. "ಶಾಲೇಲಿ ನಿನ್ನನ್ನ ಅಣಕಿಸಿದ್ದನ್ನ ಮಾತ್ರ ಅವನಿಗೆ ಹೇಳಲಿಲ್ಲ. ಅದು ನಿನ್ನದು. ನನ್ನದಾಗಿದ್ರೆ ಹೇಳ್ತಿದ್ದೆ."

"ಅವನಿಗೆ ಗೊತ್ತಿರಲಿಲ್ಲವಾ?"

"ಗೇಟು ಯಾಕೆ ಹಾಕ್ದ, ಯಾಕೆ ಹಾಕ್ದ ಅಂತ ಮೊನ್ನೆಯವರೆಗೂ ಕೇಳ್ತಿದ್ದ. ನಾಯಿಗೆ ಒಂದು ದಿನ ಬಿಸ್ಕತ್ತು ಕೊಡೋದು ಮರೆತೆನಾ ಅಂತ. ಅವನ ಹೊಸ ಗೋಡೆ ಮೇಲೆ ಕೂತೆನಾ ಅಂತ. ನೀನೇ ಹೋಗಿ ಕೇಳು ಮಾರಾಯಾ ಅಂದ್ರೆ, ಬಯ್ದುಬಿಟ್ಟರೆ ಅಂತ ಹೆದರಿಕೆ. ನೀವಿಬ್ಬರೂ ಸೇರಿ ನನಗೆ ಸಾಕುಮಾಡಿದ್ರಿ."

ದೋನ್ ರೆಮೀಜೊ ಏನೋ ಹೇಳಲು ಬಾಯಿ ತೆರೆದರು. ಒರ್ಸೋಲಾ ಅವರ ತೋಳು ಹಿಡಿದು ತಡೆದಳು.

ಜೆರಾರ್ದೊ ಜೇಬಿಗೆ ಕೈಹಾಕಿದ. ಬೀಗ ಒಂದೇ ತಿರುವಿಗೆ ಬಿಟ್ಟುಕೊಂಡಿತು. ಗೇಟು ದೂಡಿ ಅವನು ಪಕ್ಕಕ್ಕೆ ಸರಿದ.

ಹೊರುವವರು ಮುಂದೆ ಬಂದು ತಟಕ್ಕನೆ ನಿಂತರು. ಮಿಂಗೂಚೊನ ಹೆಗಲು ಒಂದು ಕಂಬಕ್ಕೆ, ವೀತೊನ ಹೆಗಲು ಇನ್ನೊಂದಕ್ಕೆ ತಾಗಿತ್ತು. ಕೈಗಾಡಿಗೆಂದು ಇಟ್ಟ ಅಗಲದಲ್ಲಿ ಇಬ್ಬರು ಜೋಡಿಯಾಗಿ ಹಾಯುವಂತಿರಲಿಲ್ಲ.

"ಓರೆ ಮಾಡಿದರೆ?" ಅಂದರು ಪಾದ್ರಿಗಳು.

"ಒಳಗಿರೋನು ಒಂದು ಕಡೆಗೆ ಉರುಳ್ತಾನೆ ಫಾದರ್," ಅಂದ ಮಿಂಗೂಚೊ. "ಬೆಳಿಗ್ಗೆ ತಾನೇ ಕ್ರಾಪು ತೆಗೆದಿದೀನಿ."

"ಒಂದು ನಿಮಿಷ ಕೆಳಗಿಡೋಣ," ಅಂದ ಹಿಂದಿನಿಂದ ಕಿರಿಯ ಅಳಿಯ. ಅವನು ಕರಾವಳಿಯ ಪಟ್ಟಣದವನು.

"ಇಡಬೇಡ!" ಹತ್ತು ಬಾಯಿ ಒಟ್ಟಿಗೆ ಕೂಗಿದವು. ಹೆಗಲೇರಿದ ಪೆಟ್ಟಿಗೆ ನಡುದಾರಿಯಲ್ಲಿ ಯಾರ ನೆಲ ಮುಟ್ಟಿತೋ ಆ ಮನೆಯಿಂದ ವರ್ಷದೊಳಗೆ ಇನ್ನೊಂದು ಹೊರಡುತ್ತದೆ. ನೆಲ ಜೆರಾರ್ದೊನದು. ಒರ್ಸೋಲಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಬೇಗ ಏನಾದರೂ ಮಾಡ್ರಪ್ಪ," ವೀತೊನ ಕುತ್ತಿಗೆಯ ನರ ಉಬ್ಬಿತ್ತು. "ಮೊಣಕಾಲು ನನ್ನ ಮಾತು ಕೇಳ್ತಿಲ್ಲ."

ಪೆಟ್ಟಿಗೆ ಅವನ ಕಡೆಗೆ ವಾಲಿತು. ಒಳಗೆ ಏನೋ ಮೆಲ್ಲಗೆ ಸರಿದ ಸದ್ದು. ಹೆಂಗಸರ ಗುಂಪಿನಿಂದ ಒಂದು ಚೀರು ಹೊರಟು ಅಲ್ಲೇ ನಿಂತಿತು.

ಜೆರಾರ್ದೊ ಕಂಬದ ಪಕ್ಕದ ಗೋಡೆಯ ಮೇಲೆ ಮುಗಿಬಿದ್ದ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ತಾನೇ ಕಟ್ಟಿದ ಗೋಡೆ. ಯಾವ ಕಲ್ಲು ಯಾವುದನ್ನು ಹಿಡಿದಿದೆಯೆಂದು ಅವನ ಬೆರಳುಗಳಿಗೆ ಗೊತ್ತಿತ್ತು. ಮೇಲಿನ ಚಪ್ಪಡಿ ಎತ್ತಿ ಎಸೆದ. ಎರಡನೆಯದು. ಮೂಲೆಯ ಬಿಗಿಗಲ್ಲು ಬರಲಿಲ್ಲ. ಹಿಮ್ಮಡಿ ಊರಿ ಎಳೆದ. ಉಗುರು ಮುರಿದು ರಕ್ತ ಬಂತು. ಎಳೆದ. ಒಳಗಿನ ಜಲ್ಲಿ ಜರ್ರನೆ ಸುರಿಯಿತು, ಆಸರೆ ತಪ್ಪಿದ ಕಂಬ ಗೇಟಿನ ಸಮೇತ ಹುಲ್ಲಿನ ಮೇಲೆ ಒರಗಿತು. ಧೂಳೆದ್ದಿತು.

"ಬನ್ನಿ! ಕಲ್ಲು ನೋಡಿಕೊಂಡು! ಬನ್ನಿ!"

ಅವರು ಹೆಜ್ಜೆ ಎತ್ತಿಟ್ಟರು. ವೀತೊನ ಮೊಣಕಾಲು ಮಡಚಿತು. ಅವನು ಕುಸಿಯುವ ಮೊದಲೇ ಜೆರಾರ್ದೊ ತಲೆ ತಗ್ಗಿಸಿ ನುಗ್ಗಿ, ಹೆಗಲು ಕೊಟ್ಟ. ಭಾರ ಒಮ್ಮೆಲೇ ಕುತ್ತಿಗೆಗೆ ಇಳಿಯಿತು. ಕೋಟಿಲ್ಲ, ಬರೀ ಅಂಗಿ. ಮರದ ಅಂಚು ಮೂಳೆಗೆ ಒತ್ತಿತು.

"ಏನು ಭಾರ ಇವನದು!" ಅಂದ ಹಲ್ಲು ಕಚ್ಚಿ.

"ಬಂದವರೆಲ್ಲ ಕುಡಿಸಿದ ವೈನು," ಅಂದ ಪಕ್ಕದಲ್ಲಿ ಮಿಂಗೂಚೊ, ಅಳುತ್ತಲೇ.

ಅಂಗಳ ದಾಟಿತು. ಮುಂದೆ ಎದೆಯೆತ್ತರದ ಒಣಹುಲ್ಲು, ಮುಳ್ಳುಪೊದೆ, ಕಣಿವೆಯ ಬಿಸಿಗಾಳಿ. ಪಾದ್ರಿಗಳು ನಿಂತುಬಿಟ್ಟರು. ಅವರ ಹಿಂದೆ ಎಲ್ಲರೂ ನಿಂತರು.

"ಇಲ್ಲಿಂದ ಹೇಗೆ?" ಯಾರೋ ಕೇಳಿದರು. "ಬಲಕ್ಕಾ?"

"ಎಡಕ್ಕಿರಬೇಕು."

"ಎಡಕ್ಕೆ ಕಣಿವೆ ಕಣಯ್ಯ, ಅವನ ಜೊತೆ ನಾವೂ ಹೋಗಬೇಕಾಗತ್ತೆ."

"ಸವೀನೊನ್ನೇ ಕೇಳಬೇಕಿತ್ತು," ಅಂದಳು ಒಬ್ಬ ಮುದುಕಿ.

ಪೆಟ್ಟಿಗೆಯ ಕೆಳಗೆ ಜೆರಾರ್ದೊಗೆ ತನ್ನ ಬೂಟುಗಳಷ್ಟೇ ಕಾಣುತ್ತಿದ್ದವು. ಕಾಲಿನಿಂದ ಹುಲ್ಲು ಸರಿಸಿದ. ಬಂಡೆಯಲ್ಲಿ ಎಷ್ಟೋ ಕಾಲದ ಗೊರಸುಗಳು ಸವೆಸಿದ ತಗ್ಗು ಸಿಕ್ಕಿತು. ಇನ್ನೊಂದು ಹೆಜ್ಜೆಗೆ ಇನ್ನೊಂದು.

"ಎಡಕ್ಕೆ," ಅಂದ. "ಬಂಡೆಗೆ ಅಂಟಿಕೊಂಡು ಬನ್ನಿ. ಕೆಳಗೆ ನೋಡಬೇಡಿ."

ಹಿಂದಿನವರಿಗೆ ಧ್ವನಿ ಪೆಟ್ಟಿಗೆಯೊಳಗಿಂದಲೇ ಬಂದಂತೆ ಕೇಳಿಸಿತು. ಮುದುಕಿ "ಜೇಸೂ!" ಅಂದಳು. ಆದರೆ ಕಾಲುಗಳು ಸರಸರನೆ ಎಡಕ್ಕೆ ಹೊರಳಿದವು.

ಸಂಜೆಯ ಬಿಸಿಲು ಅವರೆಲ್ಲರ ನೆರಳನ್ನು ಬಂಡೆಯ ಗೋಡೆಗೆ ಅಂಟಿಸಿತ್ತು.

"ಮುಂದೆ ಬಂಡೆ ಚಾಚಿಕೊಂಡಿದೆ," ಪೆಟ್ಟಿಗೆಯ ಕೆಳಗಿನಿಂದ ಮತ್ತೆ ಧ್ವನಿ ಬಂತು. "ತಲೆ ಬಗ್ಗಿಸಿ."

ಗೋಡೆಯ ಮೇಲೆ ಪೆಟ್ಟಿಗೆಯ ನೆರಳು ಕೆಳಗಿಳಿಯಿತು. ಅದರ ಹಿಂದೆ ಉದ್ದಕ್ಕೂ, ಒಂದಾದ ಮೇಲೊಂದರಂತೆ, ತಲೆಗಳ ನೆರಳುಗಳು ಬಾಗುತ್ತ ಬಂದವು.