ಮಲಗುವ ಹೊತ್ತಿನ ಬೂಟು

ಪರಿಮಳಾ ಮೇಡಂ ಎರಡು ವರ್ಷದ ಮಲ್ಲುವಿನ ಬಲಪಾದವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಮೇಲಕ್ಕೆ ಮಡಚಿದರು. ಪಾದ ಅರ್ಧಕ್ಕೇ ನಿಂತಿತು. ಹಿಮ್ಮಡಿ ಹಿಡಿದು ನೋಡಿದರು, ಬಿಟ್ಟು ಮತ್ತೊಮ್ಮೆ ಹಿಡಿದರು. ಯಾದಗಿರಿಯ ಆಸ್ಪತ್ರೆಯಲ್ಲಿ ಮಕ್ಕಳ ಸೊಟ್ಟಗಾಲು ನೋಡುವವರು ಅವರು. ಅವರ ಕೈ ಒಂದೇ ಕಡೆ ಎರಡು ಸಲ ಹೋಯಿತೆಂದರೆ ಏನೋ ಕೆಟ್ಟಿದೆ ಎಂದು ಮಲ್ಲುವಿನ ತಾಯಿ ಕಸ್ತೂರಿಗೆ ಈಗ ಗೊತ್ತು.

“ಹಿಂಬಡ ಮತ್ತ ಒಳಗ ತಿರಗಾಕತ್ತದ. ರಾತ್ರಿ ಬೂಟು ಹಾಕ್ತೀರಿಲ್ಲೋ?”

“ದಿನಾ ಹಾಕ್ತೀನ್ರಿ ಮೇಡಂ. ನನ್ನ ಕೈಯಾರೆ ಕಟ್ತೀನಿ.”

“ಎಲ್ಲಾರೂ ಹಿಂಗೇ ಅಂತಾರವ್ವಾ. ಕಾಲು ಸುಳ್ಳು ಹೇಳಂಗಿಲ್ಲ.”

ಕಸ್ತೂರಿಗೆ ಮೈಯೆಲ್ಲ ಉರಿಯಿತು. ಮಗು ಒಳಮುಖ ತಿರುಗಿದ ಪಾದದೊಂದಿಗೆ ಹುಟ್ಟಿದಾಗ, ಬಸುರಿಯಾಗಿದ್ದವಳು ಗ್ರಹಣದ ಹೊತ್ತಿನಲ್ಲಿ ಕಾಯಿಪಲ್ಲೆ ಹೆಚ್ಚಿದ್ದಕ್ಕೇ ಹೀಗಾಯಿತೆಂದು ದೇವಾಪುರದ ಹೆಂಗಸರು ತೀರ್ಪು ಕೊಟ್ಟಿದ್ದರು. ಗ್ರಹಣ ಯಾವಾಗ ಹಿಡಿದಿತ್ತೋ ಅವರಿಗೂ ಗೊತ್ತಿರಲಿಲ್ಲ. ಆಡುವ ಬಾಯಿಗೆ ಪಂಚಾಂಗ ಬೇಕೆ? ಅದನ್ನೆಲ್ಲ ನುಂಗಿಕೊಂಡು ಅವಳು ಸುರಪುರ, ಶಹಾಪುರ ದಾಟಿ ವಾರವಾರ ಬಸ್ಸಿನಲ್ಲಿ ಬಂದು ಪ್ಲಾಸ್ಟರ್ ಹಾಕಿಸಿದ್ದಳು. ಕಾಲು ನೆಟ್ಟಗಾಯಿತು, ಹುಡುಗ ನಡೆದ. ಇನ್ನು ನಡುವೆ ಅಡ್ಡಪಟ್ಟಿಯಿರುವ ಜೋಡಿ ಬೂಟನ್ನು ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ತೊಡಿಸಿ ಮಲಗಿಸಬೇಕು, ಬಿಟ್ಟರೆ ಕಾಲು ಮತ್ತೆ ಸೊಟ್ಟಾಗುತ್ತದೆ ಎಂದಿದ್ದರು. ಅದನ್ನೂ ತಪ್ಪಿಸಿರಲಿಲ್ಲ. ಈಗ ಗಾಯದ ಮೇಲೆ ಬರೆ ಎಳೆದ ಹಾಗೆ ಸುಳ್ಳುಬುರುಕಿಯ ಪಟ್ಟ ಬೇರೆ.

“ಮತ್ತ ಪ್ಲಾಸ್ಟರ್ ಹಾಕಬೇಕು. ಹಿಂಗೇ ಬಿಟ್ರ ಆಪರೇಷನ್ನಿಗೆ ಬರ್ತದ. ಖರೇ ಹೇಳ್ರಿ, ಬೂಟು ಯಾರು ಬಿಚ್ತಾರ?”

ಬೆಂಚಿನ ತುದಿಯಲ್ಲಿ ಕುಳಿತಿದ್ದ ಅತ್ತೆ ಹಂಪಮ್ಮ ಸೆರಗು ಸರಿಮಾಡಿಕೊಂಡಳು. “ಅಕಿಗೆ ಬೈಬ್ಯಾಡ್ರಿ. ಬಿಚ್ಚಾಕಿ ನಾನು.”

ಮಲ್ಲು ಅಜ್ಜಿಯ ಮಗ್ಗುಲು ಬಿಟ್ಟು ಬೇರೆಲ್ಲೂ ಮಲಗುವ ಕೂಸಲ್ಲ. ನಿದ್ದೆಯಲ್ಲಿ ಹೊರಳಾಡುವಾಗ ಆ ಬೂಟು ಬಂದು ಅವಳ ಎದೆಗೆ ಬಡಿಯುತ್ತಿತ್ತು. ಎದೆಯ ಮೇಲೆ ಲಿಂಗವಿತ್ತು, ದೀಕ್ಷೆಯಾದ ದಿನದಿಂದ ಮೈಯಿಂದ ಬೇರೆ ಮಾಡದ ಲಿಂಗ. ಹೊಸ್ತಿಲೊಳಗೆ ಚಪ್ಪಲಿ ತರದ ಹೆಂಗಸು ಲಿಂಗಕ್ಕೆ ಬೂಟು ತಾಗಿಸಿಕೊಂಡು ಹೇಗೆ ಮಲಗಿಯಾಳು? ಸೊಸೆಗೆ ನಿದ್ದೆ ಹತ್ತಿದ ಮೇಲೆ ಬಿಚ್ಚುವುದು, ನಸುಕಿನಲ್ಲಿ ಪೂಜೆಗೆ ಎದ್ದಾಗ ಮತ್ತೆ ಕಟ್ಟುವುದು. ಇಷ್ಟನ್ನೂ ಹಂಪಮ್ಮ ನೆಲ ನೋಡುತ್ತ ಹೇಳಿದಳು.

ಮನೆಯಲ್ಲಿದ್ದವಳೇ ಮಗನ ಕಾಲು ಕೆಡಿಸಿದಳಲ್ಲ ಎಂದು ಕಸ್ತೂರಿಯ ಕಣ್ಣು ತುಂಬಿತು. ಆದರೆ ಗ್ರಹಣದ ಮಾತಾಡಿದವರ ಮನೆ ಬಾಗಿಲಿಗೇ ಹೋಗಿ ಅವರ ಬಾಯಿ ಮುಚ್ಚಿಸಿ ಬಂದವಳೂ ಇದೇ ಅತ್ತೆ. ಬೈಯಲು ನಾಲಿಗೆ ಏಳಲಿಲ್ಲ.

“ಇನ್ನಮ್ಯಾಗ ಕೂಸು ನಿನ್ನ ಹತ್ರ ಮಲಗಲಿ,” ಎಂದಳು ಹಂಪಮ್ಮ.

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಮ್ಮನ್ನ ಬಿಟ್ಟು ಅಂವ ಎಲ್ಲಿ ಮಲಗತಾನ್ರಿ ಅತ್ತಿ? ನಿಮ್ಮ ಹತ್ರಾನೇ ಇರಲಿ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ಬೂಟು ನೀವೇ ಕಟ್ರಿ.”

ಪ್ಲಾಸ್ಟರ್ ಪಟ್ಟಿಯನ್ನು ನೀರಿಗೆ ಅದ್ದುತ್ತಿದ್ದ ಪರಿಮಳಾ ಮೇಡಂ ಕೈ ತಡೆದು ಕೇಳಿದರು, “ಮತ್ತ ಲಿಂಗಕ್ಕ ತಾಗಿದ್ರ ಏನ್ ಮಾಡ್ತೀರಿ ಯಮ್ಮಾ?”

ಹಂಪಮ್ಮ ಮೊಮ್ಮಗನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ತಾಗಲಿ ಬಿಡ್ರಿ. ತಾಗಿದಾಗೊಮ್ಮೆ ಬೂಟು ಕಾಲಾಗ ಅದ ಅಂತ ನನಗ ಗೊತ್ತಾಗ್ತದ.”